ತಲೆಗೂ ಒಡಲಿಗೂ ನಡುವೆ

ಮನುಷ್ಯನ ತಲೆಗೂ ಮುಂಡಕ್ಕೂ ನಡುವೆ ಕುತ್ತಿಗೆಯೆಂಬುದೊಂದಿದೆ. ಮೋಟಾರು ಕಾರಿನ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದರ ತಲೆಯನ್ನು ನೇರವಾಗಿ ಒಡಲಿನ ಮೇಲೆ ಕೂರಿಸಿ ನಟ್ಟುಗಳಿಂದ ಬಿಗಿದಿರುತ್ತಾರೆ. ನಡುವೆ ಉಳಿಯುವುದು ಒಂದು ಹಾಳೆ ಮಾತ್ರ. ಅದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಇದನ್ನೇ ಹೆಡ್ ಗ್ಯಾಸ್ಕೆಟ್ ಎನ್ನುತ್ತಾರೆ.

ಈ ಹಾಳೆಯ ಪಾಲಿಗೆ ಬಂದಿರುವ ಕೆಲಸ ಸಾಮಾನ್ಯವಾದುದಲ್ಲ. ಅದರ ದೊಡ್ಡ ರಂಧ್ರಗಳ ಒಳಗೆ ಎರಡು ಸಾವಿರ ಡಿಗ್ರಿಗೂ ಮೀರಿದ ಬೆಂಕಿ ನಿಮಿಷಕ್ಕೆ ಸಾವಿರಾರು ಸಲ ಹೊತ್ತಿ ಆರುತ್ತದೆ. ಬೆರಳಗಲ ಆಚೆಗೆ ತಂಪು ಮಾಡುವ ನೀರು ಹರಿಯುತ್ತಿರುತ್ತದೆ. ಇನ್ನೊಂದು ಮಗ್ಗುಲಲ್ಲಿ ಎಣ್ಣೆ ಏರುತ್ತಿರುತ್ತದೆ. ಬೆಂಕಿ, ನೀರು, ಎಣ್ಣೆ ಈ ಮೂವರೂ ಒಂದೇ ಮನೆಯಲ್ಲಿದ್ದು ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡದಂತೆ ನೋಡಿಕೊಳ್ಳಬೇಕಾದುದು ಆ ತೆಳುಹಾಳೆ. ಕೂಡುಕುಟುಂಬದ ಹಿರಿಯ ಸೊಸೆಗೆ ಮಾತ್ರ ಇದರ ಕಷ್ಟ ಪೂರ್ತಿಯಾಗಿ ಅರ್ಥವಾದೀತು!

ಘಾಟಿಯ ತಿರುವಿನಲ್ಲಿ ಬಾನೆಟ್ಟು ತೆರೆದು, ಆವಿಯುಗುಳುತ್ತ ನಿಂತ ಅಂಬಾಸಿಡರ್ ಕಾರನ್ನೂ, ಡಬ್ಬ ಹಿಡಿದು ತೊರೆಯ ನೀರಿಗಾಗಿ ಇಳಿಯುತ್ತಿರುವ ಚಾಲಕನನ್ನೂ ಕಾಣದ ಹಿರಿಯರು ನಮ್ಮಲ್ಲಿ ವಿರಳ. ಬಂಗಾಳದ ಉತ್ತರಪಾಡಾದಲ್ಲಿ ೨೦೧೪ರವರೆಗೂ ತಯಾರಾದ ಆ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯ ಪ್ರತಿರೂಪ. ದಶಕಗಳ ಕಾಲ ಅದರೊಳಗೆ ದುಡಿದ ೧೪೮೯ ಸಿ.ಸಿ. ಎಂಜಿನ್ನಾದರೂ ಆಂಗ್ಲ ಮನೆತನದ್ದೇ. ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ೧೯೫೨ರಲ್ಲಿ ಒಂದುಗೂಡಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಎನಿಸಿಕೊಂಡ ಮೇಲೆ ‘ಬಿ ಸೀರೀಸ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಎಂಜಿನ್ ಅದು. ಇದೇ ಮನೆತನದ ಇನ್ನೊಬ್ಬ ಮಗ, ೧೭೯೮ ಸಿ.ಸಿ.ಯವನು, ೧೯೬೨ರಿಂದ ೧೯೮೦ರವರೆಗೆ ಆಬಿಂಗ್ಡನ್ ಪಟ್ಟಣದಲ್ಲಿ ತಯಾರಾದ ಎಂ.ಜಿ.ಬಿ. ಎಂಬ ಮಾಡು ತೆರೆದ ಚೆಲುವಾದ ಕಾರಿನೊಳಗೆ ಸೇರಿಕೊಂಡ. ಅಣ್ಣ ಬಾಡಿಗೆಗೆ ದುಡಿದ. ತಮ್ಮ ವಿಹಾರಕ್ಕೆ ಹೊರಟ.

ಆ ವಿಹಾರದ ಕಾರುಗಳನ್ನು ಇಂದಿಗೂ ಜೋಪಾನ ಮಾಡುವವರು ಇಂಗ್ಲೆಂಡಿನಲ್ಲಿ ಬಹು ಮಂದಿ ಇದ್ದಾರೆ. ಅಂಥ ಒಬ್ಬ ಗೃಹಸ್ಥನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಆತ ಒಬ್ಬ ವ್ಯಕ್ತಿಯಲ್ಲ, ಒಂದು ವರ್ಗ. ಆದುದರಿಂದ ಹೆಸರಿನ ಅವಶ್ಯಕತೆಯಿಲ್ಲ. ಆತನ ಗ್ಯಾರೇಜಿನಲ್ಲಿರುವ ೧೯೬೫ರ ಎಂ.ಜಿ.ಬಿ. ತಂದೆ ಕೊಂಡದ್ದು. ತಂದೆ ತೀರಿಕೊಂಡ ಮೇಲೆ, ವರ್ಷಕ್ಕೊಮ್ಮೆ ಬೇಸಗೆಯಲ್ಲಿ ವೃದ್ಧ ತಾಯಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಸಮುದ್ರತೀರದವರೆಗೆ ಹೋಗಿಬರುವುದು ಮನೆಯ ವಾಡಿಕೆ. ಈ ವರ್ಷ ಅರ್ಧ ದಾರಿಯಲ್ಲಿ ಉಷ್ಣಮಾಪಕದ ಮುಳ್ಳು ಮೇಲೇರಿತು. ಅವರು ಮನೆಗೆ ಮರಳಿದ್ದು ಲಾರಿಯ ಬೆನ್ನಿನ ಮೇಲೆ.

ಗ್ಯಾಸ್ಕೆಟ್ ಸುಟ್ಟಿತೆಂಬುದಕ್ಕೆ ಕುರುಹುಗಳು ಹಲವು. ಹೊಗೆಕೊಳವೆಯಿಂದ ನಿಲ್ಲದ ಬಿಳಿಯ ಆವಿ ಬರುವುದು ಒಂದು. ಎಣ್ಣೆಯ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೇಪ ಕಾಣುವುದು ಇನ್ನೊಂದು. ಆದರೆ ಚಳಿದೇಶದಲ್ಲಿ ಅಂಗಡಿಗೂ ಮನೆಗೂ ಮಾತ್ರ ಓಡಾಡುವ ಕಾರಿನಲ್ಲಿ ಯಾವ ದೋಷವೂ ಇಲ್ಲದೆಯೇ ಈ ಬೆಣ್ಣೆ ಕಟ್ಟುವುದುಂಟು, ಆದುದರಿಂದ ಅದೊಂದನ್ನೇ ನಂಬಿ ಎಂಜಿನ್ ಬಿಚ್ಚುವುದು ಅವಿವೇಕ. ನಂಬಬಹುದಾದ ಪರೀಕ್ಷೆ ಬೇರೆಯದು. ರೇಡಿಯೇಟರಿನ ಬಾಯಿಯಲ್ಲಿ ಏಳುವ ಗಾಳಿಯನ್ನು ಒಂದು ನೀಲಿ ದ್ರಾವಣದ ಮೂಲಕ ಹಾಯಿಸುತ್ತಾರೆ. ಸುಟ್ಟ ಅನಿಲದ ಇಂಗಾಲಾಮ್ಲ ಅದರಲ್ಲಿ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನಮ್ಮ ಗೃಹಸ್ಥನ ಎದುರಿನಲ್ಲಿ ಅದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳಲ್ಲಿ ಒತ್ತಡವೂ ಕುಸಿದಿತ್ತು. ಬಿ ಸೀರೀಸಿನಲ್ಲಿ ಈ ಎರಡು ಸಿಲಿಂಡರುಗಳ ಬಿಸಿಹೊಗೆ ಒಂದೇ ದ್ವಾರದಿಂದ ಹೊರಬೀಳಬೇಕಾಗಿರುವುದರಿಂದ ಆ ನಡುಭಾಗಕ್ಕೆ ತಾಪ ಹೆಚ್ಚು.

ಹೆಡ್ಡನ್ನು ಎತ್ತಿದ್ದಾಯಿತು. ಈಗ ಹೊಸ ಗ್ಯಾಸ್ಕೆಟ್ ಬೇಕು. ಗ್ಯಾರೇಜಿನ ಅಟ್ಟದ ಮೇಲೆ, ಕಂದು ಕಾಗದದ ಲಕೋಟೆಯಲ್ಲಿ, ತಂದೆ ಎಪ್ಪತ್ತರ ದಶಕದಲ್ಲಿ ಕೊಂಡು ‘ಮುಂದಿನ ಸಲಕ್ಕೆ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟ ಒಂದು ಗ್ಯಾಸ್ಕೆಟ್ ಸಿಕ್ಕಿತು. ತಾಮ್ರದ ಹೊಳಪು ಇನ್ನೂ ಮಾಸಿರಲಿಲ್ಲ. ಅದನ್ನೇ ಹಾಕಬೇಕೆಂದು ಮಗನ ಹೃದಯ ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹೆಡ್ಡನ್ನು ಪರೀಕ್ಷೆಗೆಂದು ಒಯ್ದಿದ್ದ ಲೇತಿನ ಅಂಗಡಿಯಲ್ಲಿ ಆತ ಲಕೋಟೆಯನ್ನೂ ಹೊರತೆಗೆದ. ಅಲ್ಲಿಯ ವೃದ್ಧ ಕೆಲಸಗಾರ ಕೈ ಹಿಂದಕ್ಕೆಳೆದುಕೊಂಡ.

“ಅದನ್ನು ಲಕೋಟೆಯಿಂದ ತೆಗೆಯಬೇಡಿ. ಎರಡು ತಾಮ್ರದ ತಗಡುಗಳ ನಡುವೆ ಇರುವುದು ಕಲ್ನಾರು.”

“ನಮ್ಮ ತಂದೆಯ ಕಾಲದಲ್ಲಿ ಎಲ್ಲರೂ ಇದನ್ನೇ ಹಾಕುತ್ತಿದ್ದರಲ್ಲವೆ?”

“ಹಾಕುತ್ತಿದ್ದರು. ನಾನೂ ನೂರಾರು ಹಾಕಿದ್ದೇನೆ. ನನ್ನ ಜೊತೆ ಕೆಲಸ ಕಲಿತವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳಬೇಡಿ.”

ಆ ಮಾತಿನ ಹಿಂದೆ ಇತಿಹಾಸವಿದೆ. ಕಲ್ನಾರು ಬೆಂಕಿಗೆ ಬಗ್ಗದು, ಒತ್ತಿದರೆ ಒತ್ತಿಸಿಕೊಳ್ಳುತ್ತದೆ, ಬೆಲೆಯೂ ಅಗ್ಗ. ಗ್ಯಾಸ್ಕೆಟ್ಟಿಗೆ ಅದಕ್ಕಿಂತ ಒಪ್ಪುವ ವಸ್ತು ಆ ಕಾಲಕ್ಕೆ ಇರಲಿಲ್ಲ. ಆದರೆ ಅದರ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕರೆ ಹಲವು ದಶಕಗಳ ನಂತರ ಮಾರಕವಾದ ಅರ್ಬುದರೋಗವನ್ನು ತರಬಲ್ಲವು. ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರು ೧೯೮೫ರಲ್ಲಿಯೂ, ಗ್ಯಾಸ್ಕೆಟ್ಟುಗಳಲ್ಲಿ ಬಳಕೆಯಾಗುತ್ತಿದ್ದ ಬಿಳಿ ಕಲ್ನಾರು ೧೯೯೯ರಲ್ಲಿಯೂ ನಿಷೇಧಕ್ಕೊಳಗಾದುವು. ಮುಚ್ಚಿದ ಲಕೋಟೆಯಲ್ಲಿರುವ ಗ್ಯಾಸ್ಕೆಟ್ ಯಾರ ಮೇಲೂ ಎರಗುವುದಿಲ್ಲ. ಅಪಾಯವಿರುವುದು ಹಳೆಯದನ್ನು ಕೀಳುವಾಗ: ಒಣಗಿ ಅಂಟಿಕೊಂಡ ಚೂರುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಪುಡಿಯೆಬ್ಬಿಸುವವನೇ ಅದನ್ನು ಮೂಗಿಗೆ ಆಹ್ವಾನಿಸುವವನು. ಚೂರುಗಳನ್ನು ಒದ್ದೆ ಮಾಡಿ, ಮುಖಕ್ಕೆ ತಕ್ಕ ರಕ್ಷೆ ಧರಿಸಿ, ಮೆಲ್ಲಗೆ ಎಬ್ಬಿಸಿ ಚೀಲದಲ್ಲಿ ಕಟ್ಟಬೇಕು.

ಹಾಗಾದರೆ ಏನು ಹಾಕಬೇಕು? ತಾಮ್ರದ ಹೊದಿಕೆಯ ಗ್ಯಾಸ್ಕೆಟ್ ಇಂದಿಗೂ ಸಿಗುತ್ತದೆ. ಒಳಗಿನ ಹೂರಣ ಮಾತ್ರ ಕಲ್ನಾರಲ್ಲ. ಅದು ಹಳೆಯ ಕಬ್ಬಿಣದ ಅಂಕುಡೊಂಕುಗಳನ್ನು ಕ್ಷಮಿಸುವ ಸ್ವಭಾವದ್ದು. ಆದರೆ ಕಾದು ತಣಿದಂತೆ ಕೊಂಚ ಕುಗ್ಗುವುದರಿಂದ ಮೊದಲ ಓಟದ ನಂತರವೂ, ಕೆಲವು ನೂರು ಮೈಲಿಗಳ ನಂತರವೂ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ಇದನ್ನು ಮರೆತವರ ಗ್ಯಾಸ್ಕೆಟ್ ಬೇಗನೆ ಸುಡುತ್ತದೆ, ಅವರು ತಯಾರಿಸಿದವನನ್ನು ಶಪಿಸುತ್ತಾರೆ.

ಎರಡನೆಯದು ಒಂದೇ ತಗಡಿನ ಅಪ್ಪಟ ತಾಮ್ರ. ಇದು ಪಂದ್ಯದ ಕಾರಿನವರ ಪ್ರೀತಿಪಾತ್ರ. ತಾಮ್ರದ ಪಾತ್ರೆ ಬಡಿಯುವವರು ತಲೆತಲಾಂತರದಿಂದ ಬಲ್ಲ ಗುಟ್ಟನ್ನು ಇಲ್ಲಿಯೂ ಬಳಸುತ್ತಾರೆ: ಮಂದಗೆಂಪಾಗುವವರೆಗೆ ಕಾಯಿಸಿ ನೀರಿಗದ್ದಿದರೆ ಉಕ್ಕು ಗಡುಸಾಗುತ್ತದೆ, ತಾಮ್ರವಾದರೋ ಮೃದುವಾಗುತ್ತದೆ. ಬೆಂಕಿಯನ್ನು ಅದು ಚೆನ್ನಾಗಿಯೇ ತಡೆಯುತ್ತದೆ. ನೀರಿನ ವಿಷಯದಲ್ಲಿ ಮಾತ್ರ ಅಂಟಿನ ನೆರವಿಲ್ಲದೆ ನಿಲ್ಲದು. ಮನೆಯ ಕಾರಿಗೆ ಇದು ಬೇಡದ ಆಡಂಬರ.

ಉಕ್ಕಿನ ತೆಳುಪದರಗಳನ್ನು ಒಂದರ ಮೇಲೊಂದಿಟ್ಟು ಮಾಡಿದ ಗ್ಯಾಸ್ಕೆಟ್ಟು ಇಂದಿನ ಹೊಸ ಕಾರುಗಳಲ್ಲಿ ಸಾಮಾನ್ಯ. ಬಲದಲ್ಲಿ ಅದಕ್ಕೆ ಸಮನಿಲ್ಲ. ಆದರೆ ಅದು ಕೂರುವ ಎರಡು ಮುಖಗಳೂ ಕನ್ನಡಿಯಂತೆ ನಯವಾಗಿರಬೇಕು. ಐವತ್ತು ಅರವತ್ತು ವರ್ಷಗಳ ಹಿಂದೆ ಯಂತ್ರ ಕಂಡ ಬ್ಲಾಕನ್ನು ಕಾರಿನಿಂದ ಇಳಿಸಿ ಮತ್ತೆ ಯಂತ್ರಕ್ಕೆ ಕೊಡುವ ಮನಸ್ಸು ಇಲ್ಲದವರು ಅದರ ತಂಟೆಗೆ ಹೋಗದಿರುವುದೇ ಲೇಸು. ದುಬಾರಿಯದು ಎಂಬ ಕಾರಣಕ್ಕೇ ಅದನ್ನು ಕೊಂಡು ಕೈ ಸುಟ್ಟುಕೊಂಡವರಿದ್ದಾರೆ.

ಉಳಿದದ್ದು ಮಿಶ್ರ ಜಾತಿಯದು: ನಡುವೆ ಉಕ್ಕಿನ ತಿರುಳು, ಎರಡೂ ಮೈಗೆ ನಾರಿನ ಮೆತ್ತನೆಯ ಲೇಪ, ಸಿಲಿಂಡರಿನ ರಂಧ್ರಗಳ ಸುತ್ತ ಬೆಂಕಿಯನ್ನು ತಡೆಯುವ ಉಕ್ಕಿನ ಬಳೆ. ರಸ್ತೆಯ ಮೇಲೆ ಓಡುವ ಬಿ ಸೀರೀಸ್ ಎಂಜಿನ್ನಿಗೆ ವೃದ್ಧ ಕೆಲಸಗಾರ ಸೂಚಿಸಿದ್ದು ಇದನ್ನೇ, ಅದು ಸರಿಯಾದ ಸೂಚನೆಯೇ.

ಜಾತಿ ನಿಶ್ಚಯವಾದ ಮಾತ್ರಕ್ಕೆ ಸಂಬಂಧ ಕುದುರಿದಂತಲ್ಲ. ರಂಧ್ರದ ಅಳತೆ ಕೂಡಿಬರಬೇಕು. ಅಂಬಾಸಿಡರಿನ ೧೪೮೯ ಸಿ.ಸಿ. ಎಂಜಿನ್ನಿನ ಸಿಲಿಂಡರಿನ ವ್ಯಾಸ ೭೩ ಮಿ.ಮೀ.; ಎಂ.ಜಿ.ಎ. ಕಾರಿನ ೧೫೮೮ ಸಿ.ಸಿ.ಯದಕ್ಕೆ ೭೫.೪, ೧೬೨೨ಕ್ಕೆ ೭೬.೨, ಎಂ.ಜಿ.ಬಿ.ಗೆ ೮೦.೩. ಗ್ಯಾಸ್ಕೆಟ್ಟುಗಳ ಹೊರರೂಪವಾದರೋ ಅಣ್ಣತಮ್ಮಂದಿರ ಮುಖದಂತೆ ಬಹುಮಟ್ಟಿಗೆ ಒಂದೇ. ರಂಧ್ರ ಕಿರಿದಾದರೆ ಅದರ ಅಂಚು ಬೆಂಕಿಯೊಳಕ್ಕೆ ಚಾಚಿಕೊಂಡು, ಕಾದು ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸಿಬಿಡುತ್ತದೆ. ರಂಧ್ರ ಅತಿಯಾಗಿ ಹಿರಿದಾದರೆ ಸುತ್ತಲೂ ಸಂದು ಉಳಿದು ಒತ್ತಡ ಕುಗ್ಗುತ್ತದೆ. ಹಳೆಯ ಎಂಜಿನ್ನುಗಳನ್ನು ಸವೆದಾಗ ಕೊರೆಸಿ ಅಗಲಿಸಿರುತ್ತಾರೆ ಎಂಬುದನ್ನೂ ಮರೆಯಬಾರದು. ೬೦ ಥೌ ಕೊರೆಸಿದ ಎಂ.ಜಿ.ಬಿ.ಯ ಸಿಲಿಂಡರು ೮೧.೮ ಮಿ.ಮೀ. ಆಗಿರುತ್ತದೆ. ಪಿಸ್ಟನ್ನಿನ ನೆತ್ತಿಯನ್ನು ಒರೆಸಿ ನೋಡಿದರೆ ಅಲ್ಲಿ ಅಂಕೆ ಒತ್ತಿರುವುದುಂಟು. ಗೃಹಸ್ಥನ ಪಿಸ್ಟನ್ನುಗಳ ಮೇಲೆ ಅಂಕೆ ಇರಲಿಲ್ಲ. ಅಳತೆ ಮಾಡಿದಾಗಲೂ ಮೂಲ ಗಾತ್ರವೇ ಬಂದಿತು.

ಆದರೆ ಹೆಡ್ಡಿನ ಕಥೆ ಹಾಗಿರಲಿಲ್ಲ. ನೇರಪಟ್ಟಿಯನ್ನಿಟ್ಟು ಫೀಲರ್ ಗೇಜನ್ನು ತೂರಿಸಿ ನೋಡಿದರೆ ಸಮತಟ್ಟಾಗಿಯೇ ಇತ್ತು. “ಸಮತಟ್ಟಾಗಿದೆ ಎಂದರೆ ಯಾರೋ ಒಮ್ಮೆ ಹೆರೆಸಿದ್ದಾರೆ ಎಂದೂ ಆಗಬಹುದು” ಎಂದ ವೃದ್ಧ. ಎಷ್ಟು ಹೆರೆಸಿದ್ದಾರೆಂದು ತಿಳಿಯುವ ಬಗೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಹಳೆಯ ನೆನಪನ್ನು ತರುವಂಥದು. ಹೆಡ್ಡನ್ನು ಮಗುಚಿ, ಕವಾಟಗಳನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಕೂರಿಸಿ, ದಹನದ ಕೊಠಡಿಯ ಮೇಲೆ ತೂತುಳ್ಳ ಪಾರದರ್ಶಕ ಫಲಕವನ್ನು ಗ್ರೀಸಿನಿಂದ ಅಂಟಿಸುತ್ತಾರೆ. ಬ್ಯುರೆಟ್ಟಿನಿಂದ ಸೀಮೆಎಣ್ಣೆಯನ್ನು ತುಂಬಿ ಎಷ್ಟು ಹಿಡಿಯಿತೆಂದು ಓದುತ್ತಾರೆ. ಹ್ಯಾರಿ ವೆಸ್ಲೇಕನ ಕಲ್ಪನೆಯಾದ ಆ ಹೃದಯಾಕಾರದ ಕೊಠಡಿ ೧೯೬೫ರ ಎಂ.ಜಿ.ಬಿ.ಯಲ್ಲಿ ೪೩ ಘನ ಸೆಂಟಿಮೀಟರು ಹಿಡಿಯಬೇಕು. ಇಲ್ಲಿ ೪೦ ಹಿಡಿಯಿತು. ತಂದೆ ಯಾವಾಗಲೋ ಹೆಡ್ಡನ್ನು ಹೆರೆಸಿದ್ದರು; ದಿನಚರಿ ಪುಸ್ತಕದಲ್ಲಿ ಮಾತ್ರ ಆ ಮಾತಿಲ್ಲ.

ಮೂರು ಘನ ಸೆಂಟಿಮೀಟರೆಂದರೆ ಅರ್ಧ ಚಮಚೆಗಿಂತ ಕೊಂಚ ಹೆಚ್ಚು. ಅದರಿಂದ ಆಗುವ ವ್ಯತ್ಯಾಸವೇನು? ಲೆಕ್ಕ ಸುಲಭ. ಪಿಸ್ಟನ್ನು ಒಂದು ಸಲಕ್ಕೆ ಸುಮಾರು ೪೫೦ ಘನ ಸೆಂಟಿಮೀಟರು ಜಾಗವನ್ನು ಗುಡಿಸುತ್ತದೆ. ತಯಾರಕರು ಗೊತ್ತುಮಾಡಿದಂತೆ ಅನಿಲವನ್ನು ೮.೮ ಪಟ್ಟು ಒತ್ತಬೇಕಾದರೆ ಮೇಲೆ ಉಳಿಯಬೇಕಾದ ಒಟ್ಟು ಜಾಗ ೫೭.೭. ಅದರಲ್ಲಿ ೩ ಕಳೆದರೆ ಒತ್ತಡದ ಅನುಪಾತ ೯.೨ಕ್ಕೆ ಏರುತ್ತದೆ. ಆ ಕಾರಿನ ಯೌವನದಲ್ಲಿ ದೊರೆಯುತ್ತಿದ್ದ ಸೀಸಬೆರೆತ ‘ನಾಲ್ಕು ನಕ್ಷತ್ರದ’ ಪೆಟ್ರೋಲು ೯೭ ಆಕ್ಟೇನಿನದು. ಅದರ ಮಾರಾಟ ಬ್ರಿಟನ್ನಿನಲ್ಲಿ ೧೯೯೯ರ ಕೊನೆಗೆ ನಿಂತಿತು. ಈಗ ಬಂಕಿನಲ್ಲಿ ಸಾಧಾರಣವಾಗಿ ಸಿಗುವುದು ೯೫ರದು. ಒತ್ತಡ ಹೆಚ್ಚಿ ಪೆಟ್ರೋಲಿನ ಸಹನೆ ಕುಗ್ಗಿದರೆ ಎಂಜಿನ್ನು ಏರುದಾರಿಯಲ್ಲಿ ಲೋಟದಲ್ಲಿ ಗೋಲಿ ಅಲುಗಿಸಿದಂತೆ ಸದ್ದುಮಾಡತೊಡಗುತ್ತದೆ. ಆ ಒಂದೊಂದು ಸದ್ದೂ ಗ್ಯಾಸ್ಕೆಟ್ಟಿನ ಬಳೆಯ ಮೇಲೆ ಬೀಳುವ ಸುತ್ತಿಗೆಯ ಏಟು. ಹಿಂದಿನ ಗ್ಯಾಸ್ಕೆಟ್ ಏಕೆ ಸತ್ತಿತೆಂಬುದಕ್ಕೆ ಇಲ್ಲಿ ಉತ್ತರವಿತ್ತು. ತಂದೆಯ ಲಕೋಟೆಯಲ್ಲಿದ್ದುದು ಕಲ್ನಾರಿನದಲ್ಲದೆ ಹೋಗಿದ್ದರೂ ಅದು ಅದೇ ದಾರಿಯನ್ನು ಹಿಡಿಯುತ್ತಿತ್ತು.

ಪರಿಹಾರ ದಪ್ಪದಲ್ಲಿದೆ. ಮಿಶ್ರ ಜಾತಿಯ ಗ್ಯಾಸ್ಕೆಟ್ಟಿನಲ್ಲಿಯೇ ಅರ್ಧ ಮಿ.ಮೀ. ಹೆಚ್ಚು ದಪ್ಪವಾದುದನ್ನು ಆರಿಸಿದರೆ ಪ್ರತಿ ಸಿಲಿಂಡರಿಗೂ ಸುಮಾರು ಎರಡೂವರೆ ಘನ ಸೆಂಟಿಮೀಟರು ಜಾಗ ಮರಳಿ ದೊರೆಯುತ್ತದೆ, ಅನುಪಾತ ೮.೯ರ ಹತ್ತಿರಕ್ಕೆ ಇಳಿಯುತ್ತದೆ. ಹಾಗೆಂದು ಎಲ್ಲ ಎಂಜಿನ್ನಿಗೂ ದಪ್ಪವೇ ಮದ್ದು ಎಂದು ತಿಳಿಯಬಾರದು. ರೋವರ್ ಸಂಸ್ಥೆ ೧೯೬೫ರಲ್ಲಿ ಅಮೆರಿಕದ ಜನರಲ್ ಮೋಟಾರ್ಸಿನಿಂದ ಹಕ್ಕು ಪಡೆದು, ೧೯೬೭ರಿಂದ ತನ್ನ ಕಾರುಗಳಿಗೆ ಜೋಡಿಸಿದ ಎಂಟು ಸಿಲಿಂಡರಿನ ಅಲ್ಯುಮಿನಿಯಂ ಎಂಜಿನ್ನಿನಲ್ಲಿ ಮೊದಲಿಗೆ ಅರ್ಧ ಮಿ.ಮೀ. ದಪ್ಪದ ಉಕ್ಕಿನ ತಗಡೇ ಗ್ಯಾಸ್ಕೆಟ್ ಆಗಿತ್ತು. ಅದರ ಬದಲು ೧.೨ ಮಿ.ಮೀ.ಯ ಮಿಶ್ರ ಗ್ಯಾಸ್ಕೆಟ್ಟನ್ನು ಹಾಕಿದರೆ ಅನುಪಾತ ಸುಮಾರು ೦.೬ರಷ್ಟು ಕುಸಿಯುವುದಲ್ಲದೆ, ಹೆಡ್ಡು ಮೇಲಕ್ಕೆದ್ದು, ಕವಾಟಗಳನ್ನೆತ್ತುವ ಎಣ್ಣೆಯೊತ್ತಡದ ಟ್ಯಾಪೆಟ್ಟುಗಳ ಹೊಂದಾಣಿಕೆಯೂ ಕೆಡುತ್ತದೆ. ಬಲ್ಲವರು ಅಷ್ಟೇ ದಪ್ಪವನ್ನು ಹೆಡ್ಡಿನಿಂದ ಹೆರೆಸಿ ಸರಿತೂಗಿಸುತ್ತಾರೆ.

ಜಾಗ್ವಾರ್ ಎಕ್ಸ್.ಕೆ. ಎಂಜಿನ್ನಿನದು ಇನ್ನೊಂದು ವಿನೋದ. ೧೯೪೮ರಲ್ಲಿ ೩.೪ ಲೀಟರಿನದಾಗಿ ಹುಟ್ಟಿದ ಅದು ೩.೮ಕ್ಕೆ ಬೆಳೆಯಿತು, ಆಮೇಲೆ ೪.೨ಕ್ಕೆ. ೪.೨ ಮಾಡುವಾಗ ಸಿಲಿಂಡರುಗಳಿಗೆ ಜಾಗ ಸಾಲದೆ, ಎರಡು ತುದಿಯವನ್ನು ಹೊರಕ್ಕೆ ಸರಿಸಿ ನಡುವಿನವನ್ನು ಒತ್ತಟ್ಟಿಗೆ ತಂದರು. ಆದುದರಿಂದ ೩.೮ರ ಗ್ಯಾಸ್ಕೆಟ್ ೪.೨ಕ್ಕೆ ಒಗ್ಗದು. ಅದರ ಮೇಲೆ, ಹೆಡ್ಡು ಅಲ್ಯುಮಿನಿಯಂ, ಬ್ಲಾಕು ಕಬ್ಬಿಣ. ಬಿಸಿಯಾದಾಗ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ನಡುವಿನ ಹಾಳೆ ಪ್ರತಿದಿನವೂ ಉಜ್ಜಿಸಿಕೊಳ್ಳುತ್ತಿರುತ್ತದೆ. ಟ್ರಯಂಫ್ ಸಂಸ್ಥೆಯ ಮೊದಮೊದಲಿನ ಟಿ.ಆರ್. ಕಾರುಗಳ ಎಂಜಿನ್ನಿನಲ್ಲಿ, ಅದರ ಬಂಧುಗಳಾದ ಸ್ಟಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲಿಯೂ ಫರ್ಗ್ಯುಸನ್ ಟ್ರಾಕ್ಟರಿನಲ್ಲಿಯೂ, ಸಿಲಿಂಡರುಗಳು ನೀರಿನಲ್ಲಿ ನಿಂತ ಬಿಡಿ ಕೊಳವೆಗಳು. ಅವುಗಳ ಬುಡದಲ್ಲಿ ಇಂಗ್ಲಿಷಿನ ಎಂಟರ ಅಂಕೆಯಾಕಾರದ ತೆಳು ಗ್ಯಾಸ್ಕೆಟ್ಟುಗಳಿವೆ. ಬುಡದ ಇವುಗಳ ದಪ್ಪವನ್ನು ಸರಿಯಾಗಿ ಆರಿಸಿ, ಕೊಳವೆಯ ಬಾಯಿ ಬ್ಲಾಕಿನಿಂದ ಮೂರರಿಂದ ಐದು ಥೌ ಎದ್ದು ನಿಲ್ಲುವಂತೆ ಮಾಡದಿದ್ದರೆ, ಮೇಲಿನ ಗ್ಯಾಸ್ಕೆಟ್ಟಿಗೆ ಬಂಗಾರವನ್ನೇ ತಂದರೂ ಪ್ರಯೋಜನವಿಲ್ಲ.

ಗೃಹಸ್ಥ ದಪ್ಪದ ಗ್ಯಾಸ್ಕೆಟ್ಟನ್ನು ತಂದ. ಜೋಡಿಸುವ ಮುನ್ನ ಬ್ಲಾಕಿನಲ್ಲಿ ಸ್ಟಡ್ಡುಗಳು ನೆಟ್ಟ ಜಾಗವನ್ನು ಬೆರಳಿನಿಂದ ಸವರಿ ನೋಡಿದ. ವರುಷಗಳ ಎಳೆತದಿಂದ ಆ ರಂಧ್ರಗಳ ಸುತ್ತ ಕಬ್ಬಿಣ ಮೊಡವೆಯಂತೆ ಉಬ್ಬಿರುವುದುಂಟು. ಆ ಉಬ್ಬನ್ನು ಇಳಿಸದೆ ಹೆಡ್ಡು ಕೂರುವುದಿಲ್ಲ. ಅಂಥವು ಎರಡು ಇದ್ದುವು. ಅವನ್ನು ಸರಿಪಡಿಸಿ, ಎರಡು ಮುಖಗಳಿಂದಲೂ ಎಣ್ಣೆಯ ಪಸೆಯನ್ನು ಒರೆಸಿ, ಯಾವ ಅಂಟನ್ನೂ ಬಳಿಯದೆ ಒಣಗಿದ್ದ ಹಾಗೆಯೇ ಗ್ಯಾಸ್ಕೆಟ್ಟನ್ನು ಇಟ್ಟ. ಮಿಶ್ರ ಗ್ಯಾಸ್ಕೆಟ್ಟಿಗೆ ಅಂಟು ಬಳಿಯುವುದು ಉಪಕಾರವಲ್ಲ, ಅಪಕಾರ. ‘ಮೇಲೆ’, ‘ಮುಂದೆ’ ಎಂದು ಒತ್ತಿದ ಅಕ್ಷರಗಳನ್ನು ಎರಡು ಸಲ ಓದಿಕೊಂಡ. ತಿರುವುಮುರುವಾದರೆ ನೀರಿನ ದಾರಿಗಳೇ ಮುಚ್ಚಿಹೋದಾವು.

ಹನ್ನೊಂದು ನಟ್ಟುಗಳು. ನಡುವಿನಿಂದ ಆರಂಭಿಸಿ ತುದಿಗಳತ್ತ, ಒಂದೇ ಸಲಕ್ಕೆ ಅಲ್ಲದೆ ಮೂರು ಸುತ್ತಿನಲ್ಲಿ, ಕೊನೆಗೆ ೪೫ರಿಂದ ೫೦ ಪೌಂಡ್-ಅಡಿಯವರೆಗೆ ಬಿಗಿಯಬೇಕು. ತಾಯಿ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕೈಪಿಡಿಯ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು, ಯಾವ ನಟ್ಟಿನ ಸರದಿಯೆಂದು ಸಂಖ್ಯೆ ಓದಿ ಹೇಳಿದಳು. ಹಿಂದೆ ಗಂಡನಿಗೂ ಆಕೆಯೇ ಓದಿ ಹೇಳುತ್ತಿದ್ದಳಂತೆ.

ಸಂಜೆ ಎಂಜಿನ್ನು ಕಾದು ತೆರೆಪಿಲ್ಲದೆ ಓಡಿತು. ರೇಡಿಯೇಟರಿನ ಬಾಯಿಯ ಗಾಳಿಯನ್ನು ಮತ್ತೆ ನೀಲಿ ದ್ರಾವಣದಲ್ಲಿ ಹಾಯಿಸಿದರು. ಅದು ನೀಲಿಯಾಗಿಯೇ ಉಳಿಯಿತು. ಟ್ಯಾಪೆಟ್ಟುಗಳ ಅಂತರವನ್ನು ಮರುದಿನ ಬೆಳಿಗ್ಗೆ ನೋಡುವುದೆಂದಾಯಿತು. ಕಂದು ಲಕೋಟೆಯನ್ನು ದಪ್ಪ ಚೀಲದಲ್ಲಿ ಹೊಲಿದಂತೆ ಮುಚ್ಚಿ, ಕಲ್ನಾರನ್ನು ಸ್ವೀಕರಿಸುವ ನಗರಸಭೆಯ ಕೇಂದ್ರಕ್ಕೆ ಒಪ್ಪಿಸಲು ಬೇರೆಯಾಗಿ ಇಟ್ಟ. ಅದರ ಮೇಲೆ ತಂದೆ ಪೆನ್ಸಿಲಿನಲ್ಲಿ ಬರೆದಿದ್ದ ಎರಡು ಶಬ್ದಗಳನ್ನು ಕಾರಿನ ದಿನಚರಿ ಪುಸ್ತಕಕ್ಕೆ ಇಳಿಸಿಕೊಂಡು, ಅದರ ಕೆಳಗೆ ತನ್ನ ಸಾಲನ್ನು ಸೇರಿಸಿದ: ‘ಹೆಡ್ಡು ಹಿಂದೆಯೇ ಹೆರೆಸಿದ್ದು, ಕೊಠಡಿ ೪೦. ದಪ್ಪದ ಗ್ಯಾಸ್ಕೆಟ್ ಹಾಕಿದೆ. ತೆಳುವಾದುದನ್ನು ಹಾಕಬಾರದು.’